ಆರಿಸುವ ಕೈ

ಫ್ಯಾಕ್ಟರಿಯಲ್ಲಿ ನಾನು ಬರೀ ತೋಳು.
ಗಂಟೆಗೆ ತೊಂಬತ್ತು ಎಡತೋಳು, ಆರು ವರ್ಷ.
ಬಲತೋಳು ಯಾರು ಹೊಲಿಯುತ್ತಿದ್ದರೋ,
ಅಂಗಿ ಯಾವ ದೇಶದ ಯಾವ ಬೆನ್ನಿಗೆ ಹೋಯಿತೋ
ಕೇಳಲು ಪುರುಸೊತ್ತಿರಲಿಲ್ಲ.

ಈಗ ಹಾಸನದ ಸಾಲಗಾಮೆ ರಸ್ತೆಯಲ್ಲಿ
ಒಂದೇ ಮಿಶನ್ನಿನ ಅಂಗಡಿ.
ಸೀರೆಗೆ ಫಾಲ್ಸು, ಬ್ಯಾಗಿಗೆ ಜಿಪ್ಪು, ಯೂನಿಫಾರ್ಮಿಗೆ ಕಾಜ.
ಅಲ್ಲಿಗೆ ಬಂದರು ಸಿಸ್ಟರ್ ಗ್ಲಾಡಿಸ್,
ಕೈಯಲ್ಲಿ ನೂಲು ನೂಲಾದ ಒಂದು ಕಂಬಳಿ.
"ಇಲಿಯಲ್ಲ, ಮರಿಯಪುಷ್ಪಮ್ಮ ಕಿತ್ತಿದ್ದು.
ಕಂಬಳಿ ಮುಗಿದ ಮೇಲೆ ತನ್ನ ಮುಂಗೈಯನ್ನೇ ಕೀಳುತ್ತಾಳೆ.
ಮಡಿಲಿಗೆ ಏನಾದರೂ ಹೊಲಿದುಕೊಡು,
ಕೈಗೆ ಕೆಲಸ ಸಿಗುವಂಥದ್ದು."
ಅಳತೆ ಏನು ಅಂದೆ.
ಅದೇ ಗೊತ್ತಿಲ್ಲ ಅಂದರು.

ಮೊದಲನೆಯದು ಚೆಂದಕ್ಕೆ ಹೊಲಿದೆ.
ಮಖಮಲ್ಲು, ಸ್ಯಾಟಿನ್ ರಿಬ್ಬನ್ನು,
ಯಾರದೋ ಮದುವೆ ಸೀರೆಗೆ ಕಟ್ಟಿ ಉಳಿದ ಕುಚ್ಚು,
ನಡುವೆ ಉಣ್ಣೆಯ ಒಂದು ಮೊಲ.
ಅಜ್ಜಿ ಎರಡು ಬೆರಳಲ್ಲಿ ಎತ್ತಿ ನೆಲಕ್ಕೆ ಬಿಟ್ಟಳು,
ಮಗುವಿನ ಸಾಮಾನು ಇಲ್ಲಿ ಯಾರಿಟ್ಟರು ಎಂಬಂತೆ.
ನನಗೆ ನಾಚಿಕೆಯಾಯಿತು.

ಎರಡನೆಯದರ ತುಂಬ ಗುಂಡಿ. ಹನ್ನೆರಡು.
ಒಂದೇ ಮಧ್ಯಾಹ್ನದಲ್ಲಿ ಹನ್ನೊಂದು ಕಿತ್ತು
ಒಂದು ಬಾಯಿಗೆ ಹೋಗಿತ್ತು.
ಸಿಸ್ಟರ್ ಗದರಿದ್ದು ನನ್ನನ್ನು.

ಮೂರನೆಯದಕ್ಕೆ ಮುಂಚೆ ಹೋಗಿ ಸುಮ್ಮನೆ ಕೂತೆ.
ಎರಡು ಗಂಟೆ ಆ ಕೈಯನ್ನೇ ನೋಡಿದೆ,
ಹೊಸ ಮಿಶನ್ನಿನ ಸೂಜಿ ನೋಡುವ ಹಾಗೆ.
ಹೆಬ್ಬೆರಳು, ತೋರುಬೆರಳು.
ಎತ್ತು, ತಡೆ, ಬಿಡು.
ಎತ್ತು, ತಡೆ, ಬಿಡು.
ಒಂದು ಬಲಕ್ಕೆ, ಒಂದು ಬಲಕ್ಕೆ,
ಒಂದು ಎಡಕ್ಕೆ.
ಇದು ಕೀಳುವುದಲ್ಲ ಸಿಸ್ಟರ್. ಆರಿಸುವುದು.

ಹಳೇ ರಿಜಿಸ್ಟರ್ ತೆಗೆಸಿದರು.
ಕಾಫಿ ಕ್ಯೂರಿಂಗ್ ವರ್ಕ್ಸು, ಮೂವತ್ತೊಂದು ವರ್ಷ.
ಕರಿಕಾಳು, ಒಡಕು, ಹುಳ ಹೊಡೆದದ್ದು ಬೇರೆ ಮಾಡಲು
ಸಾಲಾಗಿ ಕೂರುತ್ತಿದ್ದ ಹೆಂಗಸರಲ್ಲಿ ಒಬ್ಬಳು.
ಮೂಟೆಗೆ ಇಷ್ಟು ಅಂತ ಕೂಲಿ.
ನನ್ನ ಹಾಗೇ, ಪೀಸ್ ರೇಟು.

ಹಳೇ ಗೋಣಿಯನ್ನು ಮೂರು ನೀರಲ್ಲಿ ಕುದಿಸಿದೆ,
ಚರ್ಮಕ್ಕೆ ಚುಚ್ಚಬಾರದು, ಗೋಣಿಯ ವಾಸನೆಯೂ ಉಳಿಯಬೇಕು.
ಎರಡೂ ಒಟ್ಟಿಗೆ ಆಗಲಿಲ್ಲ. ವಾಸನೆ ಹೋಯಿತು.
ಕಾಳು ಬಿಡಿಯಾಗಿ ಕೊಡುವಂತಿಲ್ಲ, ನುಂಗಿದರೆ ಕಷ್ಟ.
ಗೋಣಿಯ ಮೇಲೆ ಗಟ್ಟಿ ಮಲ್ಲು ಹೊದಿಸಿ
ಒಳಗೆ ಹುಣಿಸೆಬೀಜ ಬಿಟ್ಟೆ,
ನಡುವೆ ಒಂದು ಕಾಲುವೆ, ಆಚೀಚೆ ಎರಡು ಜೇಬು,
ಅಂಚಿಗೆ ಮೂರು ಸುತ್ತು ಹೊಲಿಗೆ.
ಕೆಲವು ಬೀಜ ನಯ. ಕೆಲವನ್ನು ಕಲ್ಲಿಗೆ ಉಜ್ಜಿ
ಒರಟು ಮಾಡಿದೆ, ರಾತ್ರಿ ಹನ್ನೊಂದಾಯಿತು.
"ಇದಕ್ಕೆ ಎಷ್ಟು ಕೊಡ್ತಾರೆ?" ಅಂದ ಮಾದೇಶ,
ಗೋಡೆ ಕಡೆ ತಿರುಗಿ ಮಲಗಿಕೊಂಡೇ.
ಒಂಬತ್ತು ದಿನ, ಒಂದು ಪೀಸು.
ನಮ್ಮ ಲೈನ್ ಸೂಪರ್‌ವೈಸರ್ ಕಂಡಿದ್ದರೆ ಅತ್ತುಬಿಡುತ್ತಿದ್ದ.

ಅಜ್ಜಿ ಕೈ ಇಟ್ಟಳು. ಒತ್ತಿದಳು.
ಬಟ್ಟೆಯಡಿ ಒಂದು ಬೀಜ ಸರಿಯಿತು.
ಮುಖದಲ್ಲಿ ಏನೂ ಇಲ್ಲ.
ಬೆನ್ನು ಮಾತ್ರ ನೆಟ್ಟಗಾಯಿತು,
ಮೊಣಕಾಲು ಒಂದಿಷ್ಟು ಒಳಗೆಳೆದುಕೊಂಡಳು
ಪಕ್ಕದವಳಿಗೆ ಜಾಗ ಬಿಡುವ ಹಾಗೆ.
ಪಕ್ಕ ಖಾಲಿಯಿತ್ತು.
ನಾನೇ ಹೋಗಿ ಕೂತೆ.

ಸಂಜೆ ಐದಕ್ಕೆ ಮತ್ತೆ ಮುಂಗೈ ಕಿತ್ತಳಂತೆ.
ಶಿಫ್ಟ್ ಬಿಡುವ ಹೊತ್ತಲ್ಲವೇ ಅಂದೆ.
ಎಲ್ಲದಕ್ಕೂ ಕಾರಣ ಇರುವುದಿಲ್ಲಮ್ಮ ಅಂದರು ಸಿಸ್ಟರ್,
ಮುಲಾಮು ಹಚ್ಚುತ್ತಾ.

ಮೊನ್ನೆ ನನ್ನ ಹೆಬ್ಬೆರಳು ಹಿಡಿದಳು.
ಸೂಜಿ ಎರಡು ಸಲ ದಾಟಿದ ಉಗುರು, ನಡುವೆ ಸೀಳು.
ಎತ್ತಿದಳು. ಸವರಿದಳು. ತಡೆದಳು.
ತುಂಬ ಹೊತ್ತು ತಡೆದಳು.
ಎಡಕ್ಕೆ ಹಾಕಿದಳು.

ಒಗೆಯುವ ದಿನಕ್ಕೆ ಇನ್ನೊಂದು ಬೇಕಂತೆ.
ನಯದ್ದು ಒಂದು ಕಡೆ, ಒರಟು ಒಂದು ಕಡೆ,
ಬೀಜ ಆರಿಸಿಡು ಅಂತ ಮಾದೇಶನಿಗೆ ಹೇಳಿ ಬಂದಿದ್ದೇನೆ.
ಬೆರೆಸಿಬಿಟ್ಟಿರುತ್ತಾನೆ.